ರೇವಕ್ಕನ ಬೆನ್ನು ಮತ್ತು ನಿಮ್ಮ ಒಂದು ವಾಕ್ಯ

ಗದಗ, ಫೆಬ್ರವರಿ ೩೧, ೨೩೧೯

ಮಾನ್ಯ ಸುಹಾಸಿನಿ ಬೆಳವಡಿಯವರಿಗೆ,

ತಾರೀಖು ನೋಡಿ ನಗಬೇಡಿ. ಫೆಬ್ರವರಿಯೊಂದಕ್ಕೇ ದಿನ ಕಡಿಮೆ ಕೊಟ್ಟದ್ದು ಅನ್ಯಾಯವೆಂದು ನಮ್ಮ ಹಿರಿಯರು ಎಂದೋ ವಾದಿಸಿ ಗೆದ್ದಿದ್ದಾರೆ. ಗೆಲ್ಲಲು ಅವರಿಗೆ ಬೇರೆ ವಿಷಯವೇ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ನಿಮ್ಮ ಕಾಲದ ಹಾಳೆಗಳನ್ನು ಓದಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಲ್ಲಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕಂತಾದರೆ ಕ್ಷಮಿಸಿ. ಇಂಥ ಕಾಗದಕ್ಕೆ ನಾವು ‘ಹಿಂದೋಲೆ’ ಎನ್ನುತ್ತೇವೆ, ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ ಎಂದು ಅರ್ಥ. ಜನ್ಮಕ್ಕೆ ಒಂದೇ ಹಿಂದೋಲೆಗೆ ಅಪ್ಪಣೆ. ಬಹಳ ಜನ ಅದನ್ನು ಮುತ್ತಜ್ಜಿಗೆ ಬರೆಯುತ್ತಾರೆ. ನಾನು ಒಬ್ಬ ವಿಮರ್ಶಕಿಗೆ ಬರೆಯುತ್ತಿದ್ದೇನೆ, ಅದೂ ಜಗಳ ತೆಗೆಯಲು.

ನನ್ನ ಹೆಸರು ದ್ಯಾಮವ್ವ ಅಣ್ಣಿಗೇರಿ. ಗದಗಿನ ಉಳಿಕೆಮನೆಯ ಏಳು ಸದಸ್ಯರಲ್ಲಿ ಒಬ್ಬಳು. ಹಳೆಯ ಕಾಲದ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಅಳಿಸಬೇಕು ಎಂದು ತೀರ್ಮಾನಿಸುವ ಮನೆ ಅದು. ಬೆಳಗಿನ ಒಂಬತ್ತಕ್ಕೆ ನಮ್ಮ ಕೆಲಸ ಮುಗಿಯಬೇಕು. ಆಮೇಲಿನ ಬಿಸಿಲಿಗೆ ಮೈ ತಡೆಯುವುದಿಲ್ಲ. ಮಾಳಿಗೆಯ ಮೇಲೆ ಕಪ್ಪು ಕಲ್ಲು ಹಾಸಿರುತ್ತೇವೆ, ಜೋಳದ ರೊಟ್ಟಿ ಬಿಸಿಲಿಗೇ ಬೇಯುತ್ತದೆ. ಹೊತ್ತೇರಿದ ಕೂಡಲೇ ಊರಿಗೆ ಊರೇ ನೆಲಕೇರಿಗೆ, ಅಂದರೆ ನೆಲದಡಿಯ ಓಣಿಗಳಿಗೆ ಇಳಿಯುತ್ತದೆ. ನೀರೂ ಅಲ್ಲೇ. ಹೂಳು ತುಂಬಿದ ಹಳೆಯ ಮೆಟ್ಟಿಲಬಾವಿಗಳನ್ನು ಹುಡುಕಿ ತೆರೆಯುವುದು ನಮ್ಮ ಹೆಣ್ಣುಮಕ್ಕಳ ಉದ್ಯೋಗ. ಸೊಂಟಕ್ಕೆ ಹಗ್ಗ ಬಿಗಿದು ಕತ್ತಲೆಗೆ ಇಳಿಯುವ ಆ ಕೆಲಸವನ್ನು ಹದಿನಾಲ್ಕು ಹುಡುಗಿಯರಿಗೆ ಕಲಿಸುವವಳು ನಾನೇ. ಕಲಿಸಲು ನನ್ನ ಹತ್ತಿರ ಇರುವುದು ಒಂದೇ ಪುಸ್ತಕ, ‘ಸಾಹಸಿ ರೇವಕ್ಕ’ ಕಾಮಿಕ್ಸಿನ ಮೂರನೇ ಸಂಚಿಕೆ.

ರೇವಕ್ಕ ಯಾರೆಂದು ನಿಮಗೆ ಹೇಳಬೇಕಿಲ್ಲ. ಹಾಳು ಕೋಟೆ, ಪಾಳು ಬಾವಿಗಳಿಗೆ ನುಗ್ಗುವ ವಿಡಿಯೊ ಗೇಮಿನ ನಾಯಕಿ. ಆಟ ಜನಪ್ರಿಯವಾದ ಮೇಲೆ ಕಾಮಿಕ್ಸಿಗೆ ಬಂದವಳು. ಆ ಆಟವನ್ನು ಆಡಿಸುವ ಯಂತ್ರ ನಮ್ಮಲ್ಲಿ ಒಂದೂ ಉಳಿದಿಲ್ಲ. ಉಳಿದದ್ದು ಈ ಮೂವತ್ತೆರಡು ಪುಟ ಮತ್ತು ಅವಳ ಬಗ್ಗೆ ನೀವು ಪತ್ರಿಕೆಯಲ್ಲಿ ಬರೆದ ವಿಮರ್ಶೆಯ ಹರಿದ ತುಂಡು. ಆ ತುಂಡಿನಲ್ಲಿ ನಿಮ್ಮ ಹೆಸರಿದೆ, ಅದರ ಕೆಳಗೆ ಒಂದೇ ವಾಕ್ಯವಿದೆ: ‘ಪ್ರತಿ ಪುಟದಲ್ಲೂ ರೇವಕ್ಕ ಬೆನ್ನು ತೋರಿಸುತ್ತಾಳೆ; ಇಂಥವಳು ನಮ್ಮ ಹುಡುಗಿಯರಿಗೆ ಆದರ್ಶವೇ?’

ನಿಮ್ಮ ಮನಸ್ಸಿನಲ್ಲಿದ್ದದ್ದು ನನಗೆ ಗೊತ್ತು. ಆಟದಲ್ಲಿ ಅವಳನ್ನು ಹಿಂದಿನಿಂದ ನೋಡುತ್ತ ಆಡಿದ ಚಿತ್ರಕಾರರು ಕಾಮಿಕ್ಸಿನಲ್ಲೂ ಅವಳ ಮುಖ ಬಿಟ್ಟು ಬೆನ್ನು, ಸೊಂಟವನ್ನೇ ಬರೆದರು, ಅದು ಗಂಡಸರ ಕಣ್ಣಿಗೆ ಬಡಿಸಿದ ಊಟವಾಯಿತು ಎಂದು ನಿಮ್ಮ ಸಿಟ್ಟು. ಆದರೆ ಉಳಿಕೆಮನೆಯಲ್ಲಿ ಹಳೆಯ ಬರಹವನ್ನು ಓದುವುದು ಒಂದು ಯಂತ್ರ. ಬೆನ್ನು ತೋರಿಸುವುದು ಎಂದರೆ ಕಾಳಗದಿಂದ ಓಡಿಹೋಗುವುದು ಎಂದು ಅದರ ನಿಘಂಟಿನಲ್ಲಿದೆ. ಹಾಗಾಗಿ ರೇವಕ್ಕನ ಹೆಸರಿನ ಮುಂದೆ ‘ಹೇಡಿ; ಪ್ರತಿ ಪುಟದಲ್ಲೂ ಪಲಾಯನ’ ಎಂದು ಬಿದ್ದಿದೆ. ಹೇಡಿಗಳನ್ನು ನಾವು ಇಟ್ಟುಕೊಳ್ಳುವುದಿಲ್ಲ, ಅಳಿಸುತ್ತೇವೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮ ಉಳಿದ ಆರು ಮಂದಿ ಸದಸ್ಯರು. ಪುಸ್ತಕ ತೆರೆದು ನೋಡಿ ಎಂದು ಅಧ್ಯಕ್ಷ ಸಂಗಯ್ಯನವರನ್ನು ಕೇಳಿದೆ. “ಬರದದ್ದು ಬರದಂಗ ಐತಲ್ಲ, ದ್ಯಾಮವ್ವ. ಮತ್ತೇನು ನೋಡೂದು?” ಎಂದು ಕನ್ನಡಕ ಒರೆಸಿಕೊಂಡರು. ಅದೇ ವಾಕ್ಯವನ್ನು ನನ್ನ ಹುಡುಗಿಯರಿಗೂ ಓದಿ ಹೇಳಿದೆ. ಅವರಲ್ಲಿ ಎಲ್ಲರಿಗಿಂತ ಚಿಕ್ಕವಳು ಫಕೀರವ್ವ. ಚಿತ್ರವನ್ನು ಒಂದು ಗಳಿಗೆ ನೋಡಿದವಳೇ, “ಯಕ್ಕಾ, ಆಕಿ ಓಡಿ ಹೊಂಟಿಲ್ರೀ, ಬಾವಿಗೆ ಇಳ್ಯಾಕತ್ಯಾಳ. ಇಳಿಯಾಕಿದು ಬೆನ್ನಲ್ಲದ ಮತ್ತೇನ ಕಾಣ್ತೈತಿ?” ಎಂದಳು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ನಿಮ್ಮ ಸಿಟ್ಟು ಸುಳ್ಳೆಂದು ನಾನು ಹೇಳುತ್ತಿಲ್ಲ. ಅವಳ ಸೊಂಟದಲ್ಲಿ ಕರುಳಿಗೂ ಜಾಗವಿಲ್ಲ. ಅಷ್ಟು ಗೋಡೆ ಹತ್ತಿದರೂ ಮುಡಿ ಕೆದರುವುದಿಲ್ಲ. ನನ್ನ ಹುಡುಗಿಯರು ಬಾವಿಯಿಂದ ಮೇಲೆ ಬಂದಾಗ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ. ಆ ಚಿತ್ರಕಾರ ಕೈಗೆ ಸಿಕ್ಕಿದ್ದರೆ ಒಂದು ವಾರ ಹೂಳು ಹೊರಿಸುತ್ತಿದ್ದೆ. ಆದರೆ ತಾಯೀ, ಇಪ್ಪತ್ತೊಂದನೆಯ ಪುಟ ನೋಡಿದಿರಾ? ರೇವಕ್ಕ ಮೆಟ್ಟಿಲ ಮೇಲೆ ಕೂತು, ಬೂಟು ಕಳಚಿ, ಒಳಗೆ ಚುಚ್ಚುತ್ತಿದ್ದ ಹರಳನ್ನು ಕೊಡವುತ್ತಾಳೆ. ಕಥೆಗೆ ಅದರಿಂದ ಏನೂ ಆಗಬೇಕಿಲ್ಲ. ಆಟದಲ್ಲಿ ಅವಳು ಹಾರಿದ್ದು, ಹತ್ತಿದ್ದು, ಸತ್ತದ್ದು ಎಲ್ಲವೂ ಯಾರದೋ ಹೆಬ್ಬೆರಳಿನ ಅಪ್ಪಣೆಯಂತೆ. ಕೂತು ಹರಳು ತೆಗೆ ಎಂದು ಯಾವ ಹೆಬ್ಬೆರಳೂ ಹೇಳುವುದಿಲ್ಲ. ಕಾಲು ನೊಂದಿತು, ಅವಳೇ ಕೂತಳು. ಕೆಟ್ಟ ಚಿತ್ರಗಳ ನಡುವೆ ಕಾಮಿಕ್ಸು ಅವಳಿಗೆ ಕೊಟ್ಟದ್ದು ಅವಳದೇ ಆದ ಆ ಒಂದು ಗಳಿಗೆಯನ್ನು. ದಣಿದಾಗ ಯಾರನ್ನೂ ಕೇಳದೆ ಕೂರಬಹುದು ಎನ್ನುವುದನ್ನು ನನ್ನ ಹುಡುಗಿಯರು ಆ ಪುಟದಿಂದಲೇ ಕಲಿತರು. ಅದನ್ನು ಕಲಿಯದ ಹಿಂದಿನ ತಂಡದಲ್ಲಿ ಇಬ್ಬರು ಬಾವಿಯಲ್ಲೇ ಉಳಿದರು. ಅವರ ಹಗ್ಗ ಹಿಡಿದಿದ್ದವಳು ನಾನು.

ಈಗ ನನ್ನ ಕೋರಿಕೆ. ನಮ್ಮ ಮನೆಯ ಒಂದೇ ಒಳ್ಳೆಯ ನಿಯಮವೆಂದರೆ, ಜಗಳವಿರುವ ವಸ್ತುವನ್ನು ಅಳಿಸುವಂತಿಲ್ಲ. ಅದರ ಕಾಲದ ಇಬ್ಬರು ಅದರ ಬಗ್ಗೆ ಒಂದಕ್ಕೊಂದು ಎದುರಾದ ಎರಡು ಮಾತು ಆಡಿದ್ದರೆ ಅದು ಉಳಿಯುತ್ತದೆ. ನನ್ನ ಮಾತು ಲೆಕ್ಕಕ್ಕಿಲ್ಲ, ನಾನು ಹುಟ್ಟಿದ್ದು ತಡವಾಯಿತು. ನಿಮ್ಮ ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಿ ಎನ್ನುವುದಿಲ್ಲ. ಬರೆದವರು ಬರೆದದ್ದಕ್ಕೆ ನಿಲ್ಲಬೇಕು. ನಿಮ್ಮೊಡನೆ ಜಗಳವಾಡುವ ಒಬ್ಬಳನ್ನು ಹುಡುಕಿ. ಆ ಆಟ ಆಡಿದವಳು, ಈ ಕಾಮಿಕ್ಸನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದವಳು ನಿಮ್ಮ ಓಣಿಯಲ್ಲೇ ಇದ್ದಾಳು. ನಿಮ್ಮ ಪತ್ರಿಕೆಯಲ್ಲೇ ನಿಮ್ಮನ್ನು ಬೈದು ಬರೆಯಲು ಅವಳಿಗೆ ಜಾಗ ಕೊಡಿ. ಗಟ್ಟಿ ಕಾಗದದಲ್ಲಿ ಅಚ್ಚು ಹಾಕಿಸಿ. ಗಾದೆ, ನುಡಿಗಟ್ಟು ಬೇಡ. ರೇವಕ್ಕ ಇಳಿದಳು, ಹತ್ತಿದಳು, ಕೂತಳು ಎಂದು ನೇರವಾಗಿ ಬರೆಯಲಿ.

ನಾಳೆ ಬೆಳಿಗ್ಗೆ ಅಳಿಕೆಯ ಪತ್ರ ನನ್ನ ಮುಂದೆ ಬರುತ್ತದೆ. ನಾನು ಸಹಿ ಹಾಕುವುದಿಲ್ಲ. ಹಾಕದವರನ್ನು ಎಬ್ಬಿಸಿ ಆ ಕುರ್ಚಿಗೆ ಬೇರೆಯವರನ್ನು ಕೂರಿಸುತ್ತಾರೆ, ಒಂದು ತಿಂಗಳಲ್ಲಿ ಕೆಲಸ ಮುಗಿಸುತ್ತಾರೆ. ಎಬ್ಬಿಸಲಿ. ಆ ತಿಂಗಳಲ್ಲಿ ಮೂವತ್ತೆರಡು ಪುಟವನ್ನೂ ಹದಿನಾಲ್ಕು ಹುಡುಗಿಯರಿಗೆ ಬಾಯಿಪಾಠ ಮಾಡಿಸುತ್ತೇನೆ. ಅವರ ತಲೆಯೊಳಗಿನದನ್ನು ಅಳಿಸಲು ಸಂಗಯ್ಯನವರು ಯಾವ ಯಂತ್ರ ತರುತ್ತಾರೋ ನೋಡಿಯೇಬಿಡುತ್ತೇನೆ.

ಒಂದು ಮಾತು ಉಳಿಯಿತು. ನೀವು ನನ್ನ ಕೋರಿಕೆ ನಡೆಸಿಕೊಟ್ಟರೆ ಆ ಎರಡನೆಯ ಬರಹ ಇಲ್ಲಿ ಮೊದಲಿನಿಂದಲೂ ಇದ್ದಂತೆಯೇ ಇರುತ್ತದೆ. ಯಾರೂ ರೇವಕ್ಕನನ್ನು ಹೇಡಿಯೆಂದು ಅಳಿಸಹೊರಟಿರುವುದಿಲ್ಲ, ನಾನು ಈ ಓಲೆ ಬರೆದದ್ದೂ ನನಗೆ ನೆನಪಿರುವುದಿಲ್ಲ. ನಿಮ್ಮ ಹೆಸರು ಕಂಡರೆ ಯಾರೋ ಸಿಡುಕಿನ ವಿಮರ್ಶಕಿ ಎಂದುಕೊಂಡು ಮುಂದಿನ ಹಾಳೆ ತಿರುವುತ್ತೇನೆ. ಆದ್ದರಿಂದ ನಿಮ್ಮ ಉಪಕಾರ ಗೊತ್ತಿರುವ ಈ ಹೊತ್ತಿನಲ್ಲೇ ಕೈ ಮುಗಿಯುತ್ತಿದ್ದೇನೆ.

ದ್ಯಾಮವ್ವ ಅಣ್ಣಿಗೇರಿ