ಐದನೇ ನಿಂಬೆಹಣ್ಣು

ಭಾನುವಾರ, ನವೆಂಬರ್ ೧೬. ಶಿಕಾರಿಪುರ.

ನಿದ್ದೆ ಬರುತ್ತಿಲ್ಲ. ಪಕ್ಕದ ಕೋಣೆಯಲ್ಲಿ ಗಿರಿಜಕ್ಕ ಇನ್ನೂ ನರಳುತ್ತಿದ್ದಾರೆ. ಕೇಳಲು ಹಿತವಾಗಿದೆ.

ಗಂಡನ ಅಕ್ಕ ಎಂಬ ಗೌರವ ನನಗಿತ್ತು. ಹೋದ ವರ್ಷ ಸೊರಬದಿಂದ ಜೋಗಕ್ಕೆ ಹೋಗುವಾಗ ಅವರ ಕಾರಿನಲ್ಲಿ ನಾನು ವಾಂತಿ ಮಾಡಿಕೊಂಡೆ. ಅದನ್ನು ಕುಬಟೂರಿನ ಮದುವೆ ಊಟದ ಪಂಕ್ತಿಯಲ್ಲಿ ಓಕರಿಸಿ ತೋರಿಸಿ ಎಲ್ಲರನ್ನೂ ನಗಿಸಿದರು. ನನ್ನ ಎಲೆಯ ಹೋಳಿಗೆ ಹಾಗೇ ಉಳಿಯಿತು. ಅದೇ ವಾರ ಡ್ರೈವಿಂಗ್ ಕಲಿಯಲು ಸೇರಿದೆ.

ಇವತ್ತು ಆಗುಂಬೆಗೆ ನಾನೇ ಕಾರು ಓಡಿಸಿದೆ. ಹೊರಡುವಾಗ ಅತ್ತೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಉಳಿದೊಂದನ್ನು ನಾನು ಬ್ಯಾಗಿಗೆ ಹಾಕಿಕೊಂಡೆ. ಮಂಡಿನೋವೆಂದು ಅತ್ತೆಗೆ ಮುಂದಿನ ಸೀಟು ಕೊಟ್ಟೆ, ಗಿರಿಜಕ್ಕನಿಗೆ ಹಿಂದಿನದು. ಅಂಬ್ಲಿಗೊಳದ ಹತ್ತಿರ ಬುತ್ತಿ ಬಿಚ್ಚಿದಾಗ ಒತ್ತಾಯ ಮಾಡಿ ಮೂರು ಹೋಳಿಗೆ ಬಡಿಸಿದೆ.

ತೀರ್ಥಹಳ್ಳಿ ದಾಟಿದ ಮೇಲೆ ತಿರುವುಗಳು ಶುರುವಾದವು. ನನಗೇನೂ ಅವಸರವಿರಲಿಲ್ಲ.

"ಏ ಸುಧಾ, ಗಾಡಿ ನಿಲ್ಸೇ. ಹೊಟ್ಟೆ ತೊಳಸ್ತಾ ಐತೆ."

"ಇನ್ನೊಂದೇ ತಿರುವು ಅಕ್ಕಾ."

ಅದನ್ನೇ ಪ್ರತಿ ತಿರುವಿನಲ್ಲೂ ಹೇಳಿದೆ.

"ಮೂಸಾಕೆ ಒಂದು ನಿಂಬೆಹಣ್ಣಾದ್ರೂ ಕೊಡೇ ಮಾರಾಯ್ತಿ."

"ಎಲ್ಲಾ ಚಕ್ರದ ಕೆಳಗೆ ಹೋದ್ವಲ್ಲ ಅಕ್ಕಾ."

ಕೊನೆಗೆ ಹೊಸ ಸೀರೆಯ ಮೇಲೇ ಆಯಿತು. ಆಗುಂಬೆಯಲ್ಲಿ ಎಲ್ಲರೂ ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು. ಗಿರಿಜಕ್ಕ ನಲ್ಲಿಯ ಕೆಳಗೆ ಸೆರಗು ತೊಳೆಯುತ್ತಿದ್ದರು. ನಾನು ಅದನ್ನು ನೋಡಿದೆ.

ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಆ ಹಣ್ಣು ಈಗ ನನ್ನೆದುರಿಗೇ ಇದೆ, ಒಂಚೂರೂ ಬಾಡಿಲ್ಲ. ಬೆಳಿಗ್ಗೆ ಇದನ್ನೇ ಹಿಂಡಿ ಚಿತ್ರಾನ್ನ ಮಾಡುತ್ತೇನೆ. ಮೊದಲು ಗಿರಿಜಕ್ಕನಿಗೇ ಬಡಿಸುತ್ತೇನೆ.