ಬಾಲ ಇಳಿಸಿದ ಚೇಳು

ಹದಿನೇಳನೇ ತಾರೀಕು, ಭಾನುವಾರ ಮಧ್ಯಾಹ್ನ

ಅಕ್ಕಾ,

ಸತ್ತ ಚೇಳು, ಜರಿ, ಜೇಡಗಳ ಮಹಾಸಂಸ್ಥಾನಕ್ಕೆ ಅಧಿಪತಿಯೂ ನಿನ್ನ ಏಕೈಕ ತಮ್ಮನೂ ಆದ ನಾನು ಮಾಡುವ ನಮಸ್ಕಾರ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯದ ಈ ಅಪರಾಧಿಗೆ ಏನು ಶಿಕ್ಷೆ ಅಂತ ನೀನು ಆಗಲೇ ತೀರ್ಮಾನಿಸಿರುತ್ತೀಯ. ಕಿವಿ ಹಿಂಡುವುದಾದರೆ ಎಡಗಿವಿ ಹಿಂಡು, ಬಲಗಿವಿ ಈಗೀಗ ಮಂದ.

ನೀನು ಕೇಳಿದ್ದು ಒಂದೇ: ಹೊಸ ಮನೆಯ ಗೋಡೆಗೆ ಅಪ್ಪನದೊಂದು ಫೋಟೋ. "ಕಿರೀಟ, ಮೀಸೆ ಇಲ್ಲದ್ದು ಕಳಿಸು, ಮೊಮ್ಮಗಳು ಹೆದರಿಕೊಳ್ತಾಳೆ" ಅಂತ ಬರೆದಿದ್ದೆ. ನನಗೆ ಸಿಟ್ಟು ಬಂತು. ನಮ್ಮಪ್ಪ ಅಂದರೆ ಯಾರು? ಅವರು ರಂಗಕ್ಕೆ ಕಾಲಿಟ್ಟರೆ ಮುಂದಿನ ಸಾಲಿನ ಮಕ್ಕಳೆಲ್ಲ ತಾಯಂದಿರ ಮಡಿಲಿಗೆ ಮುಖ ಹುದುಗಿಸುತ್ತಿದ್ದರು. ನಾಟಕ ಕಂಪನಿಯ ಅಂಥ ಖಳನಾಯಕನ ಕಿರೀಟ ಕಳಚುವುದೆ? ಕತ್ತಿ ಎತ್ತಿ, ಹುಬ್ಬು ಹಾರಿಸಿ ನಿಂತ ಫೋಟೋಕ್ಕೆ ಕಟ್ಟು ಹಾಕಿಸಿಯೇ ಬಿಟ್ಟೆ. ಅಂಚೆಗೆ ಹಾಕುವುದೊಂದು ಬಾಕಿ. ಅಷ್ಟರಲ್ಲಿ ಟೀಚರ್ ಪ್ರವೇಶ.

ಈ ಟೀಚರ್ ನಮ್ಮ ಮ್ಯೂಸಿಯಂ ಹಿಂದಿನ ಬೀದಿಯವರು, ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಅಲ್ಲಿ ಸತ್ತ ಹುಳುಗಳನ್ನು ಬದುಕಿದ್ದ ಹಾಗೆ ಕೂರಿಸುವ ನನ್ನ ಕೆಲಸದ ಕೋಣೆ ನೀನು ನೋಡಿಲ್ಲ. ಉದ್ದನೆಯ ಮೇಜು, ಗೋಡೆಯುದ್ದ ಗಾಜಿನ ಬೀರು, ಬಾಗಿಲಲ್ಲೇ ಮೂಗಿಗೆ ಹೊಡೆಯುವ ನುಸಿ ಗುಳಿಗೆಯ ವಾಸನೆ. ಆ ಮೇಜಿನ ಮೇಲೆ ಅವರೊಂದು ಊಟದ ಡಬ್ಬಿ ಇಟ್ಟರು. ಒಳಗೆ ಅಂಗೈಯುದ್ದದ ಕರಿ ಚೇಳು, ಸತ್ತದ್ದು. ಒಂಬತ್ತು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದರಂತೆ.

"ಇವಳನ್ನ ಇದ್ದ ಹಾಗೇ ಉಳಿಸಿಕೊಡಿ," ಅಂದರು.

"ಭಯಂಕರವಾಗಿ ಮಾಡಿಕೊಡ್ತೀನಿ ಟೀಚರ್. ಬಾಲ ನೆತ್ತಿಯ ಮೇಲೆ, ಕೊಂಡಿ ಮುಂದಕ್ಕೆ..."

"ಬಾಲ ಎತ್ತಬೇಡಿ."

"ಬಾಲ ಎತ್ತದ ಚೇಳನ್ನ ಯಾರು ನೋಡ್ತಾರೆ?"

"ನಾನು ನೋಡ್ತೀನಿ. ಇಷ್ಟು ವರ್ಷ ನೋಡಿದ್ದು ಅದನ್ನೇ. ನನ್ನೆದುರು ಬಾಲ ಬಿಚ್ಚಿದ್ದು ಮಕ್ಕಳು, ಇವಳಲ್ಲ."

ಆಯಿತು ಅಂದೆ. ಆದರೆ ಕೈ ಕೇಳಬೇಕಲ್ಲ. ಸೆಟೆದ ಚೇಳನ್ನು ಒದ್ದೆ ಹತ್ತಿಯ ಜೊತೆ ಮುಚ್ಚಿಟ್ಟು ಕೀಲು ಮೆತ್ತಗಾಗಿಸಿ, ಹೊಟ್ಟೆ ಸೀಳಿ, ಒಳಗಿನದು ತೆಗೆದು ಹತ್ತಿ ತುಂಬಿ, ಥರ್ಮೋಕೋಲ್ ಹಲಗೆಯ ಮೇಲೆ ಒಂದೊಂದು ಕಾಲಿಗೂ ಪಿನ್ನು ಅಡ್ಡ ಕೊಟ್ಟು ಕೂರಿಸುತ್ತಾ ಹೋದರೆ, ಬಾಲ ತಾನಾಗಿ ಮೇಲೆ ಹೋಯಿತು. ನಾನು ಕೂರಿಸಿದ ಚೇಳುಗಳೆಲ್ಲ ಅಪ್ಪನ ಶಿಷ್ಯರೇ, ಒಂದಾದರೂ ಬಾಲ ಇಳಿಸಿದ್ದಿಲ್ಲ. ಇದು ಎಷ್ಟು ಚೆಂದ ಬಂತು ಅಂತೀಯ. ನೋಡಿದರೆ ಒಪ್ಪಿಬಿಡುತ್ತಾರೆ ಅಂದುಕೊಂಡೆ.

ಒಣಗಿದ ಮೇಲೆ ಟೀಚರ್ ಬಂದು ನೋಡಿದರು. ಬೈಯಲಿಲ್ಲ. "ಇದು ಯಾವುದೋ ಬೇರೆ ಚೇಳು. ನಂದೆಲ್ಲಿ?" ಅಂದರು.

ಅಕ್ಕಾ, ಕೊಂಕು ಮಾತಲ್ಲ ಅದು. ನಿಜವಾಗಿಯೂ ಪಕ್ಕದ ಡಬ್ಬಿಗಳ ಮುಚ್ಚಳ ಎತ್ತೆತ್ತಿ ಹುಡುಕಿದರು. ಇದೇ ನಿಮ್ಮದು ಅಂದಾಗ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

ಒಣಗಿದ ಚೇಳನ್ನು ಮತ್ತೆ ನೆನೆಸಿ ಬಗ್ಗಿಸುವುದು ಅಪಾಯದ ಕೆಲಸ. ಕಾಲು ಉದುರಬಹುದು. ಬಾಲ ಮುರಿದರೆ ಕಥೆಯೇ ಮುಗಿಯಿತು, ಅವರ ಹತ್ತಿರ ಇನ್ನೊಂದು ಚೇಳಿಲ್ಲ. ಹಾಗಂತ ಹೇಳಿದೆ.

"ಮುರಿದರೆ ಮುರೀಲಿ. ಹೀಗಂತೂ ಇವಳನ್ನ ಮನೆಗೆ ಕರ್ಕೊಂಡು ಹೋಗಲಾರೆ."

ಮತ್ತೆ ಒದ್ದೆ ಹತ್ತಿ. ಈ ಸಲ ಟೀಚರ್ ಪಕ್ಕದಲ್ಲೇ ಕೂತು ಪಾಠ ಹೇಳಿದರು. "ಬಾಲ ನೆಲಕ್ಕೆ. ಎಡಗಡೆಗೆ ಸುತ್ತಿಕೊಳ್ಳಲಿ. ಇನ್ನೂ ಸಡಿಲ, ಇನ್ನೂ. ಬಲಗೈ ಸ್ವಲ್ಪ ಮುಂದೆ, ಎಡಗೈ ಮಡಚಿ ಬಾಯಿ ಹತ್ತಿರ." ಅಷ್ಟರಲ್ಲಿ ಹಿಂದಿನ ಒಂದು ಕಾಲು ಕಳಚಿ ನನ್ನ ಚಿಮಟಕ್ಕೇ ಬಂತು. ನಾನು ಬೆವತುಹೋದೆ. "ಅಂಟಿಸಿ, ಪರವಾಗಿಲ್ಲ. ನನಗೂ ಮಂಡಿ ಸರಿಯಿಲ್ಲ," ಅಂದರು. ಕೊನೆಯ ಪಿನ್ನು ಚುಚ್ಚಿದಾಗ ಆ ಚೇಳು ಯಾವ ಪಾತ್ರವನ್ನೂ ಮಾಡುತ್ತಿರಲಿಲ್ಲ. ಮನೆಯಲ್ಲಿತ್ತು, ಅಷ್ಟೆ. ಟೀಚರ್ ಕನ್ನಡಕ ಒರೆಸಿ ಹಾಕಿಕೊಂಡು, "ಹಾಂ, ಬಂದಳು," ಅಂದರು.

ಮನೆಗೆ ಬಂದವನೇ ಕಟ್ಟು ಹಾಕಿಸಿದ ಫೋಟೋ ಎದುರಿಗಿಟ್ಟುಕೊಂಡೆ. ನೀನು ಕೇಳಿದ್ದು ಇದಲ್ಲ ಅಂತ ಆಗ ಅರ್ಥವಾಯಿತು. ಅಪ್ಪನ ಟ್ರಂಕು ಪೂರ್ತಿ ಸುರುವಿದೆ. ಸೇನಾಪತಿ, ಮಾಂತ್ರಿಕ, ದರೋಡೆಕೋರ, ಮುದಿರಾಜ, ಎಲ್ಲರೂ ಸಿಕ್ಕರು. ಬರಿದಲೆಯ ಅಪ್ಪ ಮಾತ್ರ ಸಿಗಲಿಲ್ಲ. ಇಷ್ಟು ತಡವಾಗಿದ್ದು ಅದಕ್ಕೇ. ನಮ್ಮಲ್ಲಿ ಚಿತ್ರ ಬರೆಯುವವರೊಬ್ಬರಿದ್ದಾರೆ. ಮುಖವನ್ನು ಈ ಫೋಟೋಗಳಿಂದಲೇ ತೆಗೆದುಕೊಂಡು, ಮನೆಯಲ್ಲಿ ಕೂತ ಹಾಗೆ ಬರೆದುಕೊಡುತ್ತೇನೆ ಅಂದಿದ್ದಾರೆ. ಹೇಗೆ ಕೂರುತ್ತಿದ್ದರು ಅಂತ ನಾವು ಹೇಳಬೇಕಂತೆ.

ಭಾವನಿಗೆ ನಮಸ್ಕಾರ ತಿಳಿಸು. ಮೊಮ್ಮಗಳು ಯಾವ ಮೀಸೆಗೂ ಹೆದರದ ಹಾಗೆ ಬೆಳೆಯಲಿ ಅಂತ ಈ ಚಿಕ್ಕಜ್ಜನ ಆಶೀರ್ವಾದ.

ನಿನ್ನ ತಮ್ಮ

ತಾ.ಕ.: ಚಿತ್ರದವರು ಮೊದಲು ಕೇಳಿದ್ದು ನನ್ನನ್ನೇ. ಕೈ ಎಲ್ಲಿಡ್ತಿದ್ದರು, ತಲೆ ಯಾವ ಕಡೆ ವಾಲ್ತಿತ್ತು ಅಂತ. ಅರ್ಧ ದಿನ ಯೋಚಿಸಿದೆ. ನಾನು ಹುಟ್ಟುವ ಹೊತ್ತಿಗೆ ಅಪ್ಪ ಪೂರ್ತಿ ಕಂಪನಿಯವರಾಗಿದ್ದರು. ನಾನು ಅವರನ್ನು ನೋಡಿದ್ದೆಲ್ಲ ಪರದೆಯ ಪಕ್ಕದಲ್ಲಿ ನಿಂತು. ಅವರು ಗುಡುಗಿದ ಒಂದೊಂದು ಮಾತೂ ನನಗೆ ಬಾಯಿಪಾಠ. ಸುಮ್ಮನೆ ಕೂತಿದ್ದು ಒಂದೂ ನೆನಪಿಲ್ಲ. ನೀನು ನನಗಿಂತ ಹತ್ತು ವರ್ಷ ದೊಡ್ಡವಳು, ನಿನಗೆ ಮನೆಯಲ್ಲಿದ್ದ ಅಪ್ಪ ಸಿಕ್ಕಿರಬೇಕು. ಹೇಗೆ ಕೂರುತ್ತಿದ್ದರು ಅಂತ ಬರಿ. ಎರಡು ಪ್ರತಿ ಮಾಡಿಸುತ್ತೇನೆ.