ವಿಳಾಸ ಗೊತ್ತಿಲ್ಲದ ಐವತ್ತು ಕುರ್ಚಿಗಳು

ಮಕ್ಕಳ ದಂತ ಚಿಕಿತ್ಸೆಯ ದೂರುಗಳನ್ನು ವಿಚಾರಿಸುವ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ನನ್ನ ಮಗಳ ಹಲ್ಲಿನ ವಿಚಾರವಾಗಿ ನಾನು ಕೊಟ್ಟ ದೂರನ್ನು ನಿಮ್ಮ ಕಚೇರಿ ‘ಸೌಹಾರ್ದಯುತವಾಗಿ ಇತ್ಯರ್ಥಗೊಂಡಿದೆ’ ಎಂದು ಬರೆದು ಮುಚ್ಚಿದೆ. ಇತ್ಯರ್ಥ ಮಾಡಿದವರು ಯಾರು ಎಂದು ಕೇಳಿದರೆ ನಿಮ್ಮ ಗುಮಾಸ್ತರು ನನ್ನ ಮಗಳ ಹೆಸರನ್ನೇ ಹೇಳುತ್ತಾರೆ. ಆಕೆಗೆ ಆರು ವರ್ಷ. ಬೂಟಿನ ದಾರ ಕಟ್ಟಿಕೊಳ್ಳಲು ಇನ್ನೂ ಬಾರದವಳು ಒಂದು ಸರ್ಕಾರಿ ಕಡತವನ್ನು ಮುಚ್ಚಿದಳೆಂದರೆ ಅಪ್ಪನಾದ ನಾನು ಹೆಮ್ಮೆಪಡಬೇಕು. ಆಗುತ್ತಿಲ್ಲ. ಏಕೆಂದರೆ ಬರುವ ಭಾನುವಾರ ಬೆಳಿಗ್ಗೆ, ಶಾಲೆಯ ವಾರ ಶುರುವಾಗುತ್ತಿದ್ದಂತೆಯೇ, ಅವಳ ಹಲ್ಲು ಕಿತ್ತ ಅದೇ ಚಿಕಿತ್ಸಾ ವ್ಯಾನು ನನ್ನ ಕಿರಿಯ ಮಗ ಜಾದ್ ಓದುವ ಶಾಲೆಯ ಅಂಗಳಕ್ಕೆ ಬರಲಿದೆ. ಅಷ್ಟರೊಳಗೆ ನೀವು ಇದನ್ನು ಓದಬೇಕು. ಕಚೇರಿಗೆ ಬರೆದದ್ದನ್ನು ಓದುವ ವಾಡಿಕೆ ನಿಮ್ಮಲ್ಲಿ ಇದ್ದಂತೆ ಕಾಣದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಐನ್ ಅಲ್-ಬುತ್ಮದಲ್ಲಿ ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಹಾಯಿಲ್; ಹಿರಿಯ ಮಗನ ಹೆಸರು ಹಿಡಿದು ಊರವರು ಅಬು ರಕಾನ್ ಎನ್ನುತ್ತಾರೆ. ಮದುವೆಗೂ ಸಾವಿಗೂ ನನ್ನವು ಅವೇ ಕುರ್ಚಿಗಳು, ಹೊದಿಕೆ ಮಾತ್ರ ಬೇರೆ. ಹರಿದ ಒಂದು ಶಾಮಿಯಾನದಿಂದ ಶುರು ಮಾಡಿ ಇಂದು ಮೂರು ಲಾರಿ ಓಡಿಸುವವನಿಗೆ ಅಧಿಕಾರಿಗಳ ಮೇಲೆ ಹಗೆ ಇರಲು ಸಾಧ್ಯವಿಲ್ಲ. ನಿಮ್ಮ ಎಷ್ಟೋ ಉದ್ಘಾಟನೆಗಳಲ್ಲಿ ನೀವು ಕೂತದ್ದು ನನ್ನ ಕುರ್ಚಿಗಳ ಮೇಲೆಯೇ.

ಕಳೆದ ವಸಂತದಲ್ಲಿ ಮಗಳ ಶಾಲೆಯಿಂದ ಒಂದು ಚೀಟಿ ಬಂತು, ಚಿಕಿತ್ಸಾ ವ್ಯಾನು ಬರುತ್ತದೆ, ಹಲ್ಲಿನ ತಪಾಸಣೆಗೆ ಒಪ್ಪಿಗೆ ಕೊಡಿ ಎಂದು. ತಪಾಸಣೆ ಎಂದರೆ ನೋಡುವುದು ಎಂದು ತಿಳಿದು ಸಹಿ ಹಾಕಿದೆ. ಮಗಳು ರಿತಾಜಳ ಮುಂದಿನ ಹಲ್ಲೊಂದು ಆಗ ಅಲ್ಲಾಡುತ್ತಿತ್ತು. ಬಿದ್ದ ಹಾಲುಹಲ್ಲನ್ನು ಸೂರ್ಯನತ್ತ ಎಸೆದು, ಈ ಕತ್ತೆಹಲ್ಲು ನೀನಿಟ್ಟುಕೊ, ಜಿಂಕೆಹಲ್ಲು ನನಗೆ ಕೊಡು ಎಂದು ಬೇಡಿಕೊಳ್ಳುವುದನ್ನು ನೀವೂ ಚಿಕ್ಕಂದಿನಲ್ಲಿ ಮಾಡಿರುತ್ತೀರಿ. ಅವಳು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದಲ್ಲಿ ಜಾಗವನ್ನೂ ಗುರುತು ಮಾಡಿಟ್ಟುಕೊಂಡು, ನಾಲಿಗೆಯಿಂದ ಹಲ್ಲನ್ನು ದೂಡುತ್ತಾ ಓಡಾಡುತ್ತಿದ್ದಳು.

ವ್ಯಾನು ಬಂದ ದಿನ ಮಧ್ಯಾಹ್ನ ಶಾಲೆಯ ಬಸ್ಸಿನ ಚಾಲಕ ಅವಳನ್ನು ಸುತ್ತಿದ ಜಮಖಾನದ ಹಾಗೆ ಹೆಗಲ ಮೇಲೆ ಹಾಕಿಕೊಂಡು ತಂದ.

“ಅಬು ರಕಾನ್, ಹುಡುಗಿ ದಾರಿಯಲ್ಲೆಲ್ಲೂ ಎದ್ದೇ ಇಲ್ಲ ಮಾರಾಯ. ಮದ್ದಿನ ಮಂಪರು, ಮನೇಲಿ ಮಲಗಿಸಿ ಅಂದ್ರು.”

ಅವಳ ತುಟಿ ನೇರಳೆಗೆ ತಿರುಗಿತ್ತು. ನನ್ನ ಹೆಂಡತಿ ಕೆನ್ನೆ ತಟ್ಟಿದಳು, ನೀರು ಚಿಮುಕಿಸಿದಳು, ಕೊನೆಗೆ ಮೂಗಿನ ಹತ್ತಿರ ಕೈಗನ್ನಡಿ ಹಿಡಿದು ಕೂತಳು. ಗಾಜು ಮಸುಕಾದಾಗಲೆಲ್ಲ “ಇದೆ” ಎನ್ನುತ್ತಿದ್ದಳು. ನಾನು ಲಾರಿಗೆ ಕೀಲಿ ಹಾಕಿ ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಮಗಳು ಕಣ್ಣು ಬಿಟ್ಟಳು. ಬಾಯಿಯನ್ನೂ ತೆರೆದಳು. ಎದುರಿನ ನಾಲ್ಕು ಹಲ್ಲು ಇರಲಿಲ್ಲ. ಹಿಂದಿನ ಸಾಲಿಗೆಲ್ಲ ಉಕ್ಕಿನ ಟೋಪಿ ಹಾಕಿದ್ದರು.

“ಬಾಬಾ, ನನ್ನ ಹಲ್ಲೆಲ್ಲಿ? ಸೂರ್ಯಂಗೆ ಏನು ಕೊಡ್ಲಿ?”

ಇರ್ಬಿದ್ ಪಟ್ಟಣದಲ್ಲಿ ಒಬ್ಬ ಹಲ್ಲಿನ ವೈದ್ಯೆ ಇದ್ದಾರೆ. ಇದೆಲ್ಲ ಆಗುವುದಕ್ಕೆ ಕೆಲವೇ ವಾರಗಳ ಮೊದಲು ನಾವು ರಿತಾಜಳನ್ನು ಅವರಿಗೆ ತೋರಿಸಿದ್ದೆವು. ಆಗ ತೆಗೆದ ಚಿತ್ರ ಅವರ ಬಳಿಯೇ ಇತ್ತು. ಅದನ್ನು ಬೆಳಕಿಗೆ ಹಿಡಿದು ಹೇಳಿದರು: “ಹುಳುಕು ಇದ್ದಿದ್ದು ಒಂದಕ್ಕೆ. ಉಳಿದವು ನನ್ನ ಹಲ್ಲಿಗಿಂತ ಚೆನ್ನಾಗಿದ್ವು.” ಆಮೇಲೆ ಅವರ ದನಿ ಇಳಿಯಿತು. “ಹಲ್ಲಿನ ಮಾತು ಹಾಗಿರ್ಲಿ. ನಿದ್ದೆ ಮದ್ದು ಕೊಟ್ಟ ಮೇಲೆ ಉಸಿರು ನೋಡ್ಕೊಳ್ಳೋಕೆ ಆ ವ್ಯಾನಲ್ಲಿ ಯಾರಿದ್ರು?”

ಯಾರೂ ಇರಲಿಲ್ಲ ಮಾನ್ಯರೇ. ಹಲ್ಲಿನ ಡಾಕ್ಟರು ಒಬ್ಬರು, ಸಾಮಾನು ಎತ್ತಿಕೊಡುವ ಹುಡುಗಿ ಒಬ್ಬಳು. ಹೊರಗೆ ಸಾಲುಗಟ್ಟಿ ನಿಂತ ಮಕ್ಕಳು. ಉಸಿರು ನೋಡುವವರೆಂದು ಇದ್ದದ್ದು ನನ್ನ ಹೆಂಡತಿ ಒಬ್ಬಳೇ, ಅದೂ ಕೈಗನ್ನಡಿ ಹಿಡಿದುಕೊಂಡು, ಎಲ್ಲ ಮುಗಿದ ಮೇಲೆ.

ಆ ವ್ಯಾನು ನಡೆಸುವ ಚಿಕಿತ್ಸಾಲಯಕ್ಕೆ ಹಲ್ಲಿನ ಲೆಕ್ಕದಲ್ಲಿ ಹಣ ಸಂದಾಯವಾಗುತ್ತದೆ ಎಂದು ಕೇಳಿದ್ದೇನೆ. ನಾನೂ ಕುರ್ಚಿಯ ಲೆಕ್ಕದಲ್ಲಿ ಬಾಡಿಗೆ ಪಡೆಯುವವನು, ಆ ಆಸೆ ನನಗೆ ಹೊಸದಲ್ಲ. ಕೂತವರನ್ನು ಎಣಿಸುವವರು ಯಾರೂ ಇಲ್ಲವೆಂದಾದರೆ ಹತ್ತು ಜನರ ನಿಶ್ಚಿತಾರ್ಥಕ್ಕೆ ನಾನೂ ನೂರು ಕುರ್ಚಿ ಇಳಿಸಿ ಬರುತ್ತಿದ್ದೆ. ಇಳಿಸದೇ ಇರುವುದು ನನ್ನ ದೈವಭಕ್ತಿಯಿಂದಲ್ಲ, ಹುಡುಗಿಯ ಸೋದರಮಾವ ಬಾಗಿಲಲ್ಲೇ ನಿಂತು ಎಣಿಸುತ್ತಾನೆಂಬ ಭಯದಿಂದ. ಮಕ್ಕಳ ಬಾಯಿಯ ವಿಚಾರದಲ್ಲಿ ಆ ಸೋದರಮಾವನ ಕೆಲಸಕ್ಕೆ ಸಂಬಳ ಪಡೆಯುತ್ತಿರುವವರು ತಾವು. ತಾವು ಯಾವ ಬಾಗಿಲಲ್ಲಿ ನಿಂತಿದ್ದಿರಿ?

ಮಗಳನ್ನೂ ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಆ ಘಟನೆಯ ಬಳಿಕ ಊಟಕ್ಕೆ ಬಿಟ್ಟರೆ ಆ ಕೈ ಇಳಿಯುತ್ತಿರಲಿಲ್ಲ. ನಿಮ್ಮ ಗುಮಾಸ್ತರು ಚಹಾದಲ್ಲಿ ಪುದೀನ ಕದಡುತ್ತಾ ವಿಚಾರಣೆ ನಡೆಸಿದರು.

“ಹುಡುಗಿ ಎದ್ದಳಾ?”

“ಎದ್ದಳು. ಇಲ್ಲೇ ಕೂತಿದ್ದಾಳಲ್ಲ.”

“ಅಲ್ಹಮ್ದುಲಿಲ್ಲಾಹ್. ಮತ್ತೆ ದೂರು ಯಾತರದ್ದು?”

“ಏಳದೇ ಇದ್ದಿದ್ರೆ?”

“ಅದು ಇಲ್ಲಿಗೆ ಬರಲ್ಲ ಚಿಕ್ಕಪ್ಪ. ಮೇಲಿನ ಮಹಡಿ, ಬೇರೆ ಕಿಟಕಿ.”

ಅವರು ತಮಾಷೆ ಮಾಡಲಿಲ್ಲ, ದಾರಿ ಹೇಳಿದರು. ಹಾಲುಹಲ್ಲು ಹೇಗಿದ್ದರೂ ಬೀಳುವುದೇ ತಾನೆ ಎಂದು ಸಮಾಧಾನವನ್ನೂ ಹೇಳಿದರು. ದೂರಿನ ಮೇಲೆ ಮೊಹರು ಬಿತ್ತು. ಅಷ್ಟು ದೊಡ್ಡ ಕಚೇರಿಯಲ್ಲಿ ಒಬ್ಬರೂ ಆ ಮಗುವಿಗೆ “ಎಲ್ಲಿ, ಬಾಯಿ ತೆಗೆ” ಎನ್ನಲಿಲ್ಲ. ಹಲ್ಲಿನ ದೂರು ಮಾನ್ಯರೇ. ನೋಡಲು ಬೇಕಿದ್ದದ್ದು ಕಿಟಕಿಯಿಂದ ಬರುತ್ತಿದ್ದ ಬಿಸಿಲು ಮಾತ್ರ.

ಮುಂದೆ ನೀವು ಕೈಗೊಂಡ ಕ್ರಮ ನಿಜಕ್ಕೂ ಚುರುಕಿನದು. ಚಿಕಿತ್ಸಾಲಯದ ಅಭಿಪ್ರಾಯ ಕೇಳಿ ನನ್ನ ದೂರನ್ನು ಹೆಸರು, ಓಣಿ ಸಮೇತ ಆ ಚಿಕಿತ್ಸಾಲಯಕ್ಕೇ ಕಳಿಸಿದಿರಿ. ಅವರ ಅಭಿಪ್ರಾಯ ನನ್ನ ಅಂಗಡಿಯ ಫೋನಿಗೆ ಬಂತು. ಎತ್ತಿಕೊಂಡವನು ನನ್ನ ತಮ್ಮ ಅವ್ವಾದ್.

“ಅಣ್ಣ, ಒಳ್ಳೆ ಆರ್ಡರು. ಗುರುವಾರ ಅಸರ್ ನಮಾಜಾದ ಮೇಲೆ ಐವತ್ತು ಕುರ್ಚಿ. ಜಾಹಾ ಅಂತೆ.”

“ಯಾರ ಮನೆಗೆ?”

“ಹಾಲಿನಂಗಡಿ ಪಕ್ಕದ ಓಣಿ, ನೀಲಿ ಗೇಟು.”

“ನಮ್ಮ ಗೇಟು ಯಾವ ಬಣ್ಣ ಅವ್ವಾದ್?”

“ಅಯ್ಯೋ ಹೌದಲ್ವಾ! ಬರ್ಕೊಳ್ಳುವಾಗ್ಲೇ ಎಲ್ಲೋ ನೋಡಿದ್ದೀನಲ್ಲ ಅನ್ನಿಸ್ತು.”

ಹೀಗೆ ನನ್ನ ಮನೆಯ ಮುಂದೆ ನನ್ನ ಕುರ್ಚಿಗಳನ್ನು ನಾನೇ ಹಾಕಿದೆ. ಬಾಡಿಗೆ ಮುಂಗಡವಾಗಿಯೇ ಬಂದಿತ್ತು, ಆ ವಿಷಯದಲ್ಲಿ ಚಿಕಿತ್ಸಾಲಯದ ಮೇಲೆ ನನ್ನ ದೂರಿಲ್ಲ.

ಜಾಹಾ ಎಂದರೇನೆಂದು ತಮಗೆ ನಾನು ಹೇಳಬೇಕಿಲ್ಲ. ಆದರೆ ಪತ್ರಿಕೆ ಓದುವ ಪಟ್ಟಣದ ಮಕ್ಕಳಿಗೆ ಮರೆತಿರಬಹುದು. ತಪ್ಪು ಮಾಡಿದವರ ಪರವಾಗಿ ಊರ ಹಿರಿಯರು ನೊಂದವರ ಮನೆಗೆ ಸಂಧಾನಕ್ಕೆ ಬರುತ್ತಾರೆ. ಮುಖಂಡರ ಎದುರು ಕಾಫಿಯ ಬಟ್ಟಲು ಇಟ್ಟಿರುತ್ತದೆ. ಕೇಳಿದ್ದು ಸಿಗುವ ತನಕ ಅವರು ಅದನ್ನು ಮುಟ್ಟುವುದಿಲ್ಲ. ಮನೆಯವರು “ಕುಡಿಯಿರಿ” ಎಂದರೆ ಜಗಳ ಮುಗಿಯಿತು. ಕುಡಿದ ಕಾಫಿಯನ್ನು ಬಟ್ಟಲಿಗೆ ವಾಪಸ್ಸು ತರುವ ವಿದ್ಯೆಯನ್ನು ಇದುವರೆಗೆ ಯಾರೂ ಕಲಿತಿಲ್ಲ.

ಅಂದಿನ ಮುಖಂಡರು ಹಾಜಿ ಮುಫ್ಲಿಹ್. ಎರಡು ಮನೆತನಗಳ ನಡುವೆ ರಕ್ತ ಹರಿಯುವುದನ್ನು ತಡೆದ ಮನುಷ್ಯ, ಅವರ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಅವರ ಮಗ್ಗುಲಲ್ಲಿ ಚಿಕಿತ್ಸಾಲಯದ ವ್ಯವಸ್ಥಾಪಕ ಸಮೀಹ್. ಕೊನೆಯ ಸಾಲಿನಲ್ಲಿ, ಕೇವಲ ಖಾಸಗಿಯಾಗಿ, ನಿಮ್ಮ ಗುಮಾಸ್ತರು.

“ಮಗ ಹಾಯಿಲ್,” ಎಂದರು ಹಾಜಿ, “ಡಾಕ್ಟರು ಇನ್ನೂ ಹುಡುಗ. ಕೈ ಸ್ವಲ್ಪ ಮುಂದೆ ಹೋಗಿದೆ. ನಮ್ಮ ಬಿಳಿ ಗಡ್ಡಕ್ಕೆ ಬೆಲೆ ಕೊಡು. ನೀನು ಮಾತು ಕೊಡೋ ತನಕ ಈ ಕಾಫಿ ಮುಟ್ಟಲ್ಲ.”

“ನಿಮ್ಮ ಗಡ್ಡಕ್ಕೆ ಬೆಲೆ ಇದೆ ಹಾಜಿ. ವ್ಯಾನು ನಿಲ್ಲಿಸ್ತೀರಾ?”

“ಅದು ಬೇರೆ ವಿಷಯ ಅಬು ರಕಾನ್,” ಎಂದ ಸಮೀಹ್ ನಗುತ್ತಾ.

“ನನಗೆ ಇರೋದು ಅದೊಂದೇ ವಿಷಯ.”

ಅಕ್ಕಪಕ್ಕದ ತಾರಸಿಗಳ ಮೇಲೆ ಹೆಂಗಸರು ನಿಂತಿದ್ದರು. ಬಟ್ಟಲಿನಿಂದ ಏಳುತ್ತಿದ್ದ ಹಬೆ ತೆಳುವಾಗಿ, ನಿಂತೇಹೋಯಿತು. ಇನ್ನು ಸ್ವಲ್ಪ ಹೊತ್ತು ಕಳೆದಿದ್ದರೆ ಅವರು ಬರಿಗೈಯಲ್ಲಿ ಎದ್ದು ಹೋಗಬೇಕಾಗುತ್ತಿತ್ತು, ದೂರು ಹಾಗೆಯೇ ಉಳಿದು ನೀವು ವ್ಯಾನನ್ನು ನೋಡಲೇಬೇಕಾಗುತ್ತಿತ್ತು.

ಅಷ್ಟರಲ್ಲಿ ರಿತಾಜ್ ಹೊರಗೆ ಬಂದಳು. ಈದ್ ಹಬ್ಬಕ್ಕೆ ಮಿಠಾಯಿ ಕೊಡುವ ತಾತ ಬಂದು, ಅಮ್ಮ ಮಾಡಿದ ಕಾಫಿ ಮುಟ್ಟದೆ ಕೂತಿದ್ದಾರೆ. ಅವಳಿಗೆ ಅರ್ಥವಾದದ್ದು ಅಷ್ಟೇ. ಎಷ್ಟೋ ದಿನಗಳ ನಂತರ ಅವಳು ತಾನಾಗಿ ಬಾಯಿಯ ಮೇಲಿನ ಕೈ ತೆಗೆದಳು.

“ಕುಡಿ ತಾತ, ಆರೋಗುತ್ತೆ. ಅಮ್ಮ ಜಾಸ್ತಿ ಏಲಕ್ಕಿ ಹಾಕಿದ್ದಾಳೆ.”

ಇಳಿಬಿಸಿಲಿಗೆ ಉಕ್ಕು ಹೊಳೆಯಿತು. ಹಾಜಿ ನೋಡಿದರು. ಅವರು ನೋಡಿದ್ದನ್ನು ನಾನು ನೋಡಿದೆ. ಬಟ್ಟಲಿನತ್ತ ಹೋದ ಕೈ ಅರ್ಧದಲ್ಲೇ ನಿಂತಿತು.

“ಬಂತಲ್ಲ ಮನೆಯವರ ಮಾತು!” ಎಂದು ಸಮೀಹ್ ಎದ್ದೇ ನಿಂತ. “ನೋವು ತಿಂದವಳೇ ಹೇಳ್ತಿದ್ದಾಳೆ, ಇನ್ನು ನಮ್ಮದೇನು? ಕುಡೀರಿ ಹಾಜಿ, ಮಗು ಮುಖ ಸಣ್ಣ ಮಾಡ್ಬೇಡಿ!”

ಐವತ್ತು ಜನ ನಕ್ಕರು. ಹಾಜಿ ತಲೆ ಎತ್ತದೆ ಒಂದೇ ಗುಟುಕಿಗೆ ಕುಡಿದರು. ಅತಿಥಿಯ ತುಟಿಯಿಂದ ಬಟ್ಟಲು ಕಿತ್ತುಕೊಳ್ಳುವವನು ನಮ್ಮ ಕಡೆ ಹುಟ್ಟಿಲ್ಲ, ಇದು ಸಮೀಹ್‌ನಿಗೆ ಗೊತ್ತಿತ್ತು. ಕುರ್ಚಿಗಳು ಲಾರಿ ಏರುವ ಹೊತ್ತಿಗೆ ನಿಮ್ಮ ಕಡತವೂ ಕಪಾಟು ಸೇರಿತ್ತು. ‘ಪೀಡಿತೆಯು ಖುದ್ದಾಗಿ ಕ್ಷಮಿಸಿರುತ್ತಾಳೆ.’

ನಾನು ಸಂಪ್ರದಾಯದ ವೈರಿಯಲ್ಲ. ಅದರಿಂದಲೇ ನನ್ನ ಅರ್ಧ ವ್ಯಾಪಾರ. ಇಬ್ಬರು ಹೊಡೆದಾಡಿಕೊಂಡರೆ ಆ ಕಾಫಿ ಅವರಿಬ್ಬರನ್ನು ಕೂಡಿಸುತ್ತದೆ. ಆದರೆ ನನಗೂ ಆ ಡಾಕ್ಟರಿಗೂ ಜಗಳ ಎಲ್ಲಿತ್ತು? ನಾನು ಕೇಳಿದ್ದು ವ್ಯಾನಿನೊಳಗೆ ಮಲಗುವ ಮಕ್ಕಳ ಉಸಿರನ್ನು ಯಾರು ನೋಡುತ್ತಾರೆ ಎಂದು. ಮುಂದಿನ ಶಾಲೆಯ ಮಕ್ಕಳು ಆ ಐವತ್ತು ಕುರ್ಚಿಗಳ ಮೇಲೆ ಇರಲಿಲ್ಲ. ಆಗಿಹೋದದ್ದನ್ನು ನನ್ನ ಮಗಳು ಕ್ಷಮಿಸಬಹುದು. ಬರುವ ಭಾನುವಾರವನ್ನು ಕ್ಷಮಿಸಲು ಯಾರಿಗೆ ಅಧಿಕಾರವಿದೆ? ತಮಗಿದೆಯೆ?

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ. ಮೊನ್ನೆ ಮತ್ತೆ ಅಂಗಡಿಯ ಫೋನು ಬಡಿದುಕೊಂಡಿತು. ಈ ಸಲ ಎತ್ತಿಕೊಂಡವನು ನಾನು. ಅಂಗಡಿ ನನ್ನದೆಂದು ಸಮೀಹ್‌ಗೆ ತಿಳಿದಿರಲಿಲ್ಲ, ನನ್ನ ದನಿಯ ಗುರುತೂ ಹತ್ತಲಿಲ್ಲ.

“ಮುಂದಿನ ಗುರುವಾರಕ್ಕೆ ಐವತ್ತು ಕುರ್ಚಿ ತೆಗೆದಿಡಪ್ಪ. ಮದುವೆ ಸೀಜನ್ನು, ಆಮೇಲೆ ಸಿಗಲ್ಲ.”

“ಮದುವೆಗಾ ಸ್ವಾಮಿ?”

“ಅಲ್ಲ, ಜಾಹಾ.”

“ಯಾರ ಮನೆಗೆ?”

“ವಿಳಾಸ ಆಮೇಲೆ ಹೇಳ್ತೀನಿ. ಇನ್ನೂ ಗೊತ್ತಾಗಿಲ್ಲ.”

“ಜಗಳ ಯಾರ್ದು?”

“ಇನ್ನೂ ಆಗಿಲ್ಲ ಮಾರಾಯ! ಭಾನುವಾರದಿಂದ ನಮ್ಮ ವ್ಯಾನು ನಿಮ್ಮೂರಲ್ಲೇ ಇರುತ್ತಲ್ಲ. ಯಾವುದಕ್ಕೂ ಇರ್ಲಿ ಅಂತ.”

“ಹಾಜಿ ಮುಫ್ಲಿಹ್ ಬರ್ತಾರಾ?”

“ಅವರು ಒಲ್ಲೆ ಅಂದ್ರು. ಇನ್ನೊಬ್ಬರು ಬರ್ತಾರೆ. ಊರಲ್ಲಿ ಗಡ್ಡಕ್ಕೇನು ಬರವಾ?” ನಕ್ಕ. ಆಮೇಲೆ ಏನೋ ನೆನಪಾದವನಂತೆ, “ಅಂದ ಹಾಗೆ, ನಿಮ್ಮ ಹತ್ರ ಶಾಮಿಯಾನಾನೂ ಇರುತ್ತಲ್ವಾ?” ಎಂದ.

ಇರುತ್ತದೆ ಎಂದೆ. ಮದುವೆಯದೋ, ಇನ್ನೊಂದರದೋ ಎಂದು ಅವನು ಹೇಳಲಿಲ್ಲ. ಆರ್ಡರು ಪುಸ್ತಕದಲ್ಲಿ ಆ ಜಾಗ ಖಾಲಿ ಬಿಟ್ಟೆ.

ನಿನ್ನ ಮಗನನ್ನು ಭಾನುವಾರ ಮನೆಯಲ್ಲೇ ಇಟ್ಟುಕೋ ಎಂದು ತಾವು ಹೇಳಬಹುದು. ಹೇಳದಿದ್ದರೂ ಇಟ್ಟುಕೊಳ್ಳುತ್ತೇನೆ. ಆಗ ಆ ಐವತ್ತು ಕುರ್ಚಿಗಳು ನನ್ನ ನೀಲಿ ಗೇಟಿಗೆ ಬರುವುದಿಲ್ಲ, ಬೇರೊಂದು ಗೇಟಿಗೆ ಹೋಗುತ್ತವೆ. ಹೊತ್ತು ಹೋಗುವ ಲಾರಿ ನನ್ನದೇ. ಮೊನ್ನೆಯಿಂದ ಊರೊಳಗೆ ಲಾರಿ ಓಡಿಸುವಾಗ ನನ್ನ ಕಣ್ಣು ರಸ್ತೆಯ ಮೇಲೆ ನಿಲ್ಲುತ್ತಿಲ್ಲ. ಹಸಿರು ಗೇಟು, ತುಕ್ಕು ಹಿಡಿದ ಗೇಟು, ಗೇಟಿನ ಸರಳು ಹಿಡಿದು ಜೋತಾಡುತ್ತಾ ನನಗೆ ಕೈಬೀಸುವ ಮಕ್ಕಳು. ಅವರಲ್ಲಿ ಅರ್ಧದಷ್ಟು ಮಕ್ಕಳದು ಎದುರಿನ ಹಲ್ಲು ಅಲ್ಲಾಡುವ ವಯಸ್ಸು.

ನನ್ನ ಬೇಡಿಕೆ ಕಾಫಿಯಷ್ಟೇ ಕಹಿ, ಅಷ್ಟೇ ಚಿಕ್ಕದು. ಭಾನುವಾರಕ್ಕೆ ಮೊದಲು ಆ ವ್ಯಾನನ್ನು ನಿಲ್ಲಿಸಿ. ಮಲಗಿಸಿದ ಮಗುವಿನ ಉಸಿರನ್ನು ನೋಡಲೆಂದೇ ಒಬ್ಬರನ್ನು ನೇಮಿಸದ ಹೊರತು ಒಂದು ಮಗುವನ್ನೂ ಅದರೊಳಗೆ ಮಲಗಿಸಬಾರದು. ಮುಚ್ಚಿದ ಕಡತವನ್ನು ತೆರೆಯಿರಿ; ಅದಕ್ಕೂ ಮೊದಲು ನನ್ನ ಮಗಳಿಗೆ ಬಾಯಿ ತೆರೆಯಲು ಹೇಳಿ. ಅವಳು ಹೆದರುತ್ತಾಳೆ, ಆದರೆ ತೆರೆಯುತ್ತಾಳೆ. ದೊಡ್ಡವರು ಹೇಳಿದ್ದನ್ನು ಕೇಳಬೇಕೆಂದು ಅವಳಿಗೆ ನಾವೇ ಕಲಿಸಿದ್ದೇವೆ.

ಗುರುವಾರಕ್ಕೆ ನಾನು ಕುರ್ಚಿ ಕಳಿಸುವುದಿಲ್ಲ. ಅವರು ಪಕ್ಕದ ಊರಿನಿಂದ ತರಿಸಿಕೊಳ್ಳುತ್ತಾರೆ, ಅದೂ ಗೊತ್ತು. ಆದರೆ ಭಾನುವಾರ ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ, ವ್ಯಾನು ನಿಲ್ಲುವ ಜಾಗದ ಎದುರಿಗೇ, ಒಂದು ಕುರ್ಚಿ ಹಾಕಿಸಿರುತ್ತೇನೆ. ಬಾಡಿಗೆ ಬೇಡ. ಅದು ತಮ್ಮದು. ಬಂದು ಕೂರಿ, ಒಳಗೆ ಹೋಗುವ ಮಕ್ಕಳನ್ನು ಎಣಿಸಿ, ಎದ್ದು ಹೊರಗೆ ಬರುವ ಮಕ್ಕಳನ್ನೂ ಎಣಿಸಿ. ಎರಡೂ ಸರಿಹೋಗುವ ತನಕ ಯಾರೂ ತಮಗೆ ಕಾಫಿ ತಂದುಕೊಡುವುದಿಲ್ಲ.

ಇಂತಿ,
ಕುರ್ಚಿ ಹಾಕುವುದನ್ನು ಬಿಟ್ಟರೆ ತಮ್ಮೆದುರು ಬೇರೇನೂ ಮಾಡಲಾಗದ
ಹಾಯಿಲ್, ರಿತಾಜಳ ತಂದೆ,
ನೀಲಿ ಗೇಟಿನ ಮನೆ, ಐನ್ ಅಲ್-ಬುತ್ಮ
(ವಿಳಾಸ ತಮ್ಮ ಕಚೇರಿಗೆ ಗೊತ್ತೇ ಇದೆ, ಯಾರಿಗೆ ಕೊಟ್ಟಿದ್ದೀರೆಂಬುದು ನನಗೆ ಗೊತ್ತಿದೆ.)